ದೋಸೆ ಎಡಕ್ಕೆ ಜಾರುತ್ತಿದ್ದ ಗಾಡಿಗೆ ಏರ್ ಬ್ಯಾಗ್ ಹಾಕಿಸಿ ಎರಡು ವರ್ಷ

ನಮ್ಮದು ಒಳಗೇ ಅಡುಗೆ ಮಾಡಿ ಮಲಗುತ್ತಾ ಊರೂರು ಸುತ್ತುವ ಗಾಡಿ, ಕ್ಯಾಂಪರ್ ವ್ಯಾನ್. ಅದರಲ್ಲಿ ಮೊದಲ ದೋಸೆ ಹುಯ್ದಿದ್ದು ಮಹಾರಾಷ್ಟ್ರದ ವಾಯಿ ಹತ್ತಿರ, ಕೃಷ್ಣಾ ನದಿಯ ದಡದಲ್ಲಿ. ಹಂಚಿನ ಮೇಲೆ ಎಣ್ಣೆ ಬಿಟ್ಟೆ. ಅದು ಸೀದಾ ಎಡಕ್ಕೆ ಹೋಗಿ ಅಂಚಿನಲ್ಲಿ ನಿಂತಿತು. ಹಿಟ್ಟೂ ಅದರ ಹಿಂದೆಯೇ ಹೋಯಿತು. ಬಲಕ್ಕೆ ಪೇಪರ್ ದೋಸೆ, ಎಡಕ್ಕೆ ಸೆಟ್ ದೋಸೆ, ಒಂದೇ ಹಂಚಿನಲ್ಲಿ! ನೆಲ ಸಪಾಟಿಲ್ಲ ಅಂದುಕೊಂಡು ಗಾಡಿ ತಿರುಗಿಸಿ ನಿಲ್ಲಿಸಿದೆ. ಮತ್ತೆ ಎಡಕ್ಕೇ. ಇಳಿದು ಹಿಂದೆ ಹೋಗಿ ನೋಡಿದರೆ ಗಾಡಿ ಹಿಂದೆ ಕುಸಿದು ಎಡಕ್ಕೆ ವಾಲಿತ್ತು, ಒಂದೇ ಕೈಯಲ್ಲಿ ಭಾರದ ಚೀಲ ಹಿಡಿದು ಸಂತೆಯಿಂದ ಬರುವವರ ಹಾಗೆ.

ಗಾಡಿ 2014ರ ಟೆಂಪೋ ಟ್ರಾವೆಲರ್, ಚಿಕ್ಕ 3050 ವೀಲ್‌ಬೇಸಿನದು, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವೆ 3050 ಎಂಎಂ. ಊರ ಕಡೆ ನಾವು ಟಿಟಿ ಅನ್ನುತ್ತೇವಲ್ಲ, ಅದೇ. ಕಂಪನಿ ಪುಣೆಯ ಆಕುರ್ಡಿಯದು, ನಾವಿರುವುದು ಪಕ್ಕದ ನಿಗಡಿಯಲ್ಲಿ, ಹಾಗಾಗಿ ಸ್ಪೇರ್ ಪಾರ್ಟ್ಸ್ ಚಿಂತೆ ಇಲ್ಲ. ಹಳೇದು ಕೊಂಡು ಒಳಗಿನ ಕೆಲಸವನ್ನೆಲ್ಲ ನಾನೇ ಶನಿವಾರ ಭಾನುವಾರ ಕೂತು ಮಾಡಿದೆ. ಆರ್‌ಟಿಓ ಕತೆ ಬೇರೆಯೇ ಇದೆ, ಅದನ್ನು ಶುರು ಮಾಡಿದರೆ ಬೆಳಗಾಗುತ್ತೆ.

ವಾಲಿದ್ದು ನನ್ನದೇ ತಪ್ಪು. ಎಡಗಡೆ ಕಿಟಕಿ ಚೆನ್ನಾಗಿದೆ ಅಂತ ಅಡುಗೆ ಕಟ್ಟೆಯನ್ನು ಅಲ್ಲೇ ಕಟ್ಟಿದೆ. ಅದೂ 18 ಎಂಎಂ ಪ್ಲೈವುಡ್‌ನಲ್ಲಿ, ಒಂದು ಶೀಟ್ ಎತ್ತೋಕೆ ಇಬ್ಬರು ಬೇಕು. ಅದರ ಕೆಳಗೆ 80 ಲೀಟರ್ ನೀರಿನ ಟ್ಯಾಂಕು, ಅಂದರೆ 80 ಕೆಜಿ. ಪಕ್ಕದಲ್ಲಿ ಇನ್ವರ್ಟರಿನ ಎರಡು ಟ್ಯೂಬುಲರ್ ಬ್ಯಾಟರಿ, ಒಂದೊಂದೂ 50 ಕೆಜಿ ಮೇಲೆ. ಟ್ಯಾಂಕು ಬ್ಯಾಟರಿ ಎರಡೂ ಹಿಂದಿನ ಆಕ್ಸಲಿಗಿಂತ, ಅಂದರೆ ಹಿಂದಿನ ಚಕ್ರಗಳ ಅಚ್ಚಿಗಿಂತ, ಹಿಂದೆ. ಬಲಗಡೆ ಹಾಸಿಗೆ, ಬಟ್ಟೆ, ಅಷ್ಟೇ. ಆಕ್ಸಲ್ ದಾಟಿ ಹಿಂದೆ ಭಾರ ಇಟ್ಟರೆ ಹಿಂಭಾಗ ಕೂರುವುದಷ್ಟೇ ಅಲ್ಲ, ಮುಂಭಾಗ ಮೇಲೇಳುತ್ತೆ. ಸ್ಟೇರಿಂಗ್ ತೇಲಿದ ಹಾಗಾಗುತ್ತೆ. ರಾತ್ರಿ ನಮ್ಮ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು, ಲಾರಿಯವರು ಡಿಪ್ ಡಿಮ್ ಮಾಡಿ ಬೈದುಕೊಂಡು ಹೋಗುತ್ತಿದ್ದರು.

ಮೊದಲು ಎಲ್ಲರೂ ಹೇಳಿದ್ದು ಒಂದೇ: ಪಾಟಾ ಏರಿಸು. ಪಾಟಾ ಅಂದರೆ ಇಲ್ಲಿನ ಗ್ಯಾರೇಜಿನವರ ಭಾಷೆಯಲ್ಲಿ ಸ್ಪ್ರಿಂಗ್ ಪ್ಲೇಟು, ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ. ಚಾಕಣ್ ರಸ್ತೆಯ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಒಂದೊಂದು ದಪ್ಪ ಪ್ಲೇಟು ಸೇರಿಸಿದರು, 7,000 ರೂಪಾಯಿ. ಗಾಡಿ ಎದ್ದು ನಿಂತಿತು, ಹೌದು. ಆದರೆ ಕಾತ್ರಜ್ ದಾಟುವಷ್ಟರಲ್ಲಿ ಬೆನ್ನು ಹೋಯಿತು. ಹಿಂದಿನ ಸೀಟಿನಲ್ಲಿದ್ದ ಅವ್ವ ಹಂಪ್ಸ್ ಬಂದಾಗಲೆಲ್ಲ ಚಟ್ನಿ ಡಬ್ಬಿ ಎದೆಗವುಚಿಕೊಂಡು ಕೂತಿದ್ದಳು. ಸಾತಾರಾದಲ್ಲಿ ಇಳಿದು ಒಂದೇ ಮಾತು ಅಂದಳು: "ಇದಕ್ಕಿಂತ ಎಸ್‌ಟಿ ಬಸ್ ಪಾಡಿತ್ತು." ಇಷ್ಟಾಗಿಯೂ ವಾಲುವುದು ನಿಂತಿರಲಿಲ್ಲ. ಎರಡೂ ಕಡೆ ಒಂದೇ ಥರ ಏರಿಸಿದರೆ ವಾಲಿದ್ದು ವಾಲಿದಂತೆಯೇ ಇರುತ್ತೆ, ಅಲ್ವಾ? ಮೂರು ತಿಂಗಳಿಗೆ ಆ ಪ್ಲೇಟು ತೆಗೆಸಿ, ಹಳೇ ಪ್ಲೇಟುಗಳಿಗೇ ಕಮಾನು ಕೊಡಿಸಿ ಕೂರಿಸಿದೆ.

ಆಮೇಲೆ ಬಂದಿದ್ದು ಈ ಏರ್ ಬ್ಯಾಗ್. ಡಿಕ್ಕಿಯಾದಾಗ ಸ್ಟೇರಿಂಗಿನಿಂದ ಉಬ್ಬುವುದಲ್ಲ. ಇದು ಚಾಸಿಗೂ (ಗಾಡಿಯ ಚೌಕಟ್ಟು) ಆಕ್ಸಲಿಗೂ ನಡುವೆ ಕೂರುವ ದಪ್ಪ ರಬ್ಬರ್ ಚೀಲ, ಒಂದು ಕಡೆಗೆ ಒಂದು. ಪ್ಲೇಟುಗಳು ತಮ್ಮ ಕೆಲಸ ಮಾಡುತ್ತಿರುತ್ತವೆ, ಚೀಲ ಸ್ವಲ್ಪ ಭಾರ ಹಂಚಿಕೊಳ್ಳುತ್ತೆ. ಭಾರ ಇದ್ದಾಗ ಗಾಳಿ ಜಾಸ್ತಿ, ಇಲ್ಲದಾಗ ಕಡಿಮೆ. ಚೀಲ, ಬ್ರಾಕೆಟ್, ಕೂಲಿ ಎಲ್ಲ ಸೇರಿ 31,000. ಗಾಡಿಯೊಳಗಿಂದಲೇ ಗಾಳಿ ತುಂಬುವ ಕಂಪ್ರೆಸರ್ ಕಿಟ್ಟೂ ಇತ್ತು. ನನ್ನ ಬಜೆಟ್ಟಿಗೆ ಆಗಲಿಲ್ಲ, ಸೈಕಲ್ ಪಂಪ್ ಮನೆಯಲ್ಲೇ ಇತ್ತು.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಫಿಟ್ ಮಾಡಿದವರು ಎರಡೂ ಚೀಲಕ್ಕೆ ಸೇರಿ ಒಂದೇ ವಾಲ್ವ್ ಕೊಟ್ಟಿದ್ದರು. ನಡುವೆ ಟಿ ಜಾಯಿಂಟ್. "ಒಂದು ಕಡೆ ಹೊಡೆದರೆ ಎರಡೂ ತುಂಬುತ್ತೆ ಸರ್, ಆರಾಮ" ಅಂದರು. ನಾನೂ ತಲೆ ಆಡಿಸಿದೆ. ಮೂರು ದಿನ ಖುಷಿಯೋ ಖುಷಿ. ಹಿಂಭಾಗ ಎದ್ದಿದೆ, ಹೆಡ್‌ಲೈಟ್ ರಸ್ತೆಗೆ ಬೀಳುತ್ತಿದೆ. ನಾಲ್ಕನೇ ದಿನ ಪಾಚಗಣಿಯಲ್ಲಿ ದೋಸೆಗೆ ಹಂಚಿಟ್ಟೆ. ಎಣ್ಣೆ ಮೊದಲಿಗಿಂತ ಜೋರಾಗಿ ಎಡಕ್ಕೆ ಓಡಿತು. ಹಿಂದಿನ ದಿನ ಪಸರಣಿ ಘಾಟಿನ ತಿರುವುಗಳಲ್ಲಿ ಗಾಡಿ ತೂಗಾಡಿದ್ದು ಯಾಕೆ ಅಂತ ಆಗ ಹೊಳೆಯಿತು. ಭಾರ ಬಿದ್ದ ಚೀಲದ ಗಾಳಿ ಪೈಪಿನಲ್ಲಿ ಹಾದು ಹಗುರ ಇರುವ ಕಡೆಗೆ ಹೋಗಿಬಿಡುತ್ತೆ. ಬೇಕಾದ ಕಡೆ ಖಾಲಿ, ಬೇಡದ ಕಡೆ ತುಂಬು. 31,000 ಕೊಟ್ಟು ವಾಲುವುದನ್ನು ಜಾಸ್ತಿ ಮಾಡಿಸಿಕೊಂಡು ಬಂದಿದ್ದೆ.

ಗ್ಯಾರೇಜಿಗೆ ವಾಪಸ್ ಹೋದರೆ "ಎಲ್ಲರಿಗೂ ಹೀಗೇ ಹಾಕೋದು" ಅಂದರು. ಕೊನೆಗೆ ದಾರಿ ತೋರಿಸಿದ್ದು ಭೋಸರಿಯಲ್ಲಿ ಲೇತ್ ಕೆಲಸ ಮಾಡುವ ಅಫಜಲಪುರದ ಕಡೆಯವರೊಬ್ಬರು. ಗಾಡಿ ಕೆಳಗೆ ತೂರಿ ನೋಡಿ, ಎದ್ದು ಮೈ ಕೊಡವಿಕೊಂಡು ಅಂದರು: "ಸರ, ಇದು ಒಂದ ಗಾಳಿ ಹಾಸಿಗಿ ಮ್ಯಾಲ ಇಬ್ಬರು ಮಲಗಿದಂಗ ಆಗೇದ. ದಪ್ಪನಾಂವ ಹೊರಳಿದ್ರ ಸಣ್ಣಾಂವ ಮ್ಯಾಲ ಏಳತಾನ." ಟಿ ಕಿತ್ತು ಹಾಕಿದರು. ಅಲ್ಲೇ ಅಂಗಡಿಯಿಂದ ಪೈಪು, ಎರಡು ವಾಲ್ವ್ ತಂದೆವು. ಒಟ್ಟು 380 ರೂಪಾಯಿ. ಸೈಲೆನ್ಸರ್ ಪಕ್ಕದಲ್ಲೇ ಹೋಗಿದ್ದ ಹಳೇ ಪೈಪು ಬಿಸಿಗೆ ಆಗಲೇ ಮೆತ್ತಗಾಗಿತ್ತು. ಅದನ್ನು ಬೆರಳಿಂದ ಒತ್ತಿ ತೋರಿಸಿ, ಹೊಸದನ್ನು ಚಾಸಿಯ ಆಚೆ ಬದಿಯಿಂದ ಎಳೆದರು. ಕೂಲಿ ತಗೊಳ್ಳಲಿಲ್ಲ. "ಊರ ಕಡೆ ಹೋದ್ರ ಶೇಂಗಾ ಚಟ್ನಿ ತರ್ರಿ" ಅಂದರು, ಅಷ್ಟೇ. ತಂದು ಕೊಟ್ಟೆ.

ಅಲ್ಲಿಂದ ನನಗೆ ಇದರ ಮೇಲೆ ಪ್ರೀತಿ ಶುರುವಾಯಿತು. ನಂಬರ್ ಪ್ಲೇಟಿನ ಕೆಳಗೆ ಎರಡು ಪುಟ್ಟ ಹಿತ್ತಾಳೆ ವಾಲ್ವ್, ಟೈರಿನದರ ಥರವೇ. ಹೊರಡುವ ದಿನ ಬೆಳಿಗ್ಗೆ ಚಹಾ ಲೋಟ ಬಂಪರ್ ಮೇಲಿಟ್ಟು ಮಂಡಿಯೂರಿ ಕೂರುತ್ತೇನೆ. ಮೊದಮೊದಲು ನೀರಿನ ಟ್ಯಾಂಕ್ ತುಂಬಿದ್ದರೆ ಎಡಕ್ಕೆ 38 ಪಿಎಸ್‌ಐ, ಬಲಕ್ಕೆ 24 ಬೇಕಾಗುತ್ತಿತ್ತು. ಚೀಲದ ಹೊಟ್ಟೆ ಸಣ್ಣದು, ನಾಲ್ಕು ಸಲ ಪಂಪ್ ಒತ್ತಿದರೆ ಮುಳ್ಳು ಏರಿಬಿಡುತ್ತೆ. ಅದಕ್ಕೇ ಪೆಟ್ರೋಲ್ ಬಂಕಿನ ಗಾಳಿ ಹಾಕಿಸಬೇಡಿ, ಕಣ್ಣು ಮಿಟುಕಿಸುವುದರಲ್ಲಿ ಹದ ದಾಟುತ್ತೆ. ಅಳೆಯುವಾಗಲೂ ಪುಸ್ ಅಂತ ಒಂದೆರಡು ಪಿಎಸ್‌ಐ ಹೋಗುತ್ತೆ, ಅದಕ್ಕೆ ಸ್ವಲ್ಪ ಮೇಲೆಯೇ ತುಂಬಿಕೊಳ್ಳುತ್ತೇನೆ.

ಸಂಜೆ ಗಾಡಿ ನಿಲ್ಲಿಸಿದ ಮೇಲೆ ಇನ್ನೂ ಮಜಾ. ಹೆಂಡತಿ ಅಡುಗೆ ಕಟ್ಟೆಯ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡುತ್ತಾಳೆ. ನಾನು ಹಿಂದೆ ಕೂತು ಎತ್ತರ ಇರುವ ಕಡೆಯ ಗಾಳಿ ಬಿಡುತ್ತೇನೆ. ಒಳಗಿಂದ ಕೂಗು: "ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಸಾಕ್ರೀ, ಸಾಕು!" ಗುಳ್ಳೆ ನಡುವೆ ಬಂದು ನಿಂತಿತು ಅಂತ ಅರ್ಥ. ಹೋದ ಡಿಸೆಂಬರಿನಲ್ಲಿ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಪಾಳೊಳೆ ಕಡೆ ಹೋಗಿದ್ದೆವು. ಒಂದು ಹೋಮ್‌ಸ್ಟೇ ಅಂಗಳದಲ್ಲಿ, ತೆಂಗಿನ ಮರದ ಕೆಳಗೆ ಗಾಡಿ. ಗೋವಾದ ಸೆಕೆಗೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಎಣ್ಣೆ ಹಂಚಿನ ನಡುವೆಯೇ ನಿಂತಿತು, ದೋಸೆ ದುಂಡಗೆ ಬಂತು. ಫೋಟೋ ತೆಗೆದು ಅವ್ವನಿಗೆ ಕಳಿಸಿದೆ.

ಇನ್ನು ದೂರುಗಳು. ಗಾಳಿ ಇಳಿಸಿದ ಗಾಡಿಯನ್ನು ಹಾಗೇ ಓಡಿಸುವಂತಿಲ್ಲ, ಚೀಲ ಮಡಚಿ ಸಿಕ್ಕಿಕೊಂಡು ಹರಿಯುತ್ತೆ. ನಮ್ಮದರ ಜೊತೆ ಬಂದ ಚೀಟಿಯಲ್ಲಿ 10 ಪಿಎಸ್‌ಐಗಿಂತ ಕೆಳಗೆ ಬೇಡ ಅಂತ ಬರೆದಿದೆ. ಚೀಲ ಎತ್ತುತ್ತೆ ಅಷ್ಟೇ, ಕುಣಿತ ತಡೆಯುವುದು ಶಾಕ್ ಅಬ್ಸಾರ್ಬರ್ ಕೆಲಸ. ನನ್ನವು ಹಳೇವು, ಗುಂಡಿ ಇಳಿದ ಮೇಲೂ ಗಾಡಿ ಎರಡು ಸಲ ತೂಗುತ್ತೆ. ದೀಪಾವಳಿ ಬೋನಸ್ ಬಂದರೆ ಬದಲಾಯಿಸಬೇಕು. ನಿಮ್ಮ ಗಾಡಿಯ ಹಿಂದಿನ ಬ್ರೇಕಿಗೆ ಲೋಡ್ ನೋಡಿ ಒತ್ತಡ ಬಿಡುವ ವಾಲ್ವ್ ಇದ್ದರೆ ಚೀಲ ಹಾಕಿಸಿದ ದಿನವೇ ಅದನ್ನು ಮತ್ತೆ ಸೆಟ್ ಮಾಡಿಸಿ. ಗಾಡಿ ಎತ್ತರ ಆದರೆ ಅದು ಲೋಡೇ ಇಲ್ಲ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ.

ಹಾಂ, ಚೀಲ ಹಾಕಿಸಿದರೆ ಜಾಸ್ತಿ ಹೇರಬಹುದು ಅಂತಲ್ಲ. ಆಕ್ಸಲ್ಲೂ ಟೈರೂ ಅವೇ, ಆರ್‌ಸಿಯಲ್ಲಿ ಬರೆದ ತೂಕವೂ ಅದೇ. ವೇ ಬ್ರಿಡ್ಜಿನಲ್ಲಿ ತೂಗಿಸಿದಾಗ ನಮ್ಮದು ಆ ಮಿತಿಗೆ 90 ಕೆಜಿ ಕಡಿಮೆ ಬಂತು. ಹೆಂಡತಿ ಈಗ ಫ್ರಿಜ್ ಕೇಳುತ್ತಿದ್ದಾಳೆ.

ಆ ತೂಕದ ಚೀಟಿ ನೋಡಿದ ಮೇಲೆ ಒಂದು ಬ್ಯಾಟರಿಯನ್ನು ಬಲಗಡೆ ಹಾಸಿಗೆ ಕೆಳಗೆ ಸರಿಸಿದೆ. ಈಗ ಎಡಕ್ಕೆ 33, ಬಲಕ್ಕೆ 27 ಸಾಕು. ಎರಡು ಮೀಟರ್ ವೈರು, ಅರ್ಧ ದಿನದ ಕೆಲಸ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಅಂತ ಹೆಂಡತಿ ಕೇಳಿದಳು. ನಾನು ಮಾತಾಡಲಿಲ್ಲ. ಬಲಗಡೆ ವಾಲ್ವಿನ ಮುಚ್ಚಳ ಮಾತ್ರ ಮೂರನೇ ಸಲ ಕಳೆದಿದೆ, ಸದ್ಯಕ್ಕೆ ಪೆನ್ನಿನ ಟೋಪಿ ಸಿಕ್ಕಿಸಿ ಟೇಪ್ ಸುತ್ತಿದ್ದೇನೆ.