ಬಣ್ಣ ಬಳಿದು ಮಾರುವ ಹಳೆಯ ಫೈಬರ್‌ಗ್ಲಾಸ್ ಟ್ರೈಲರ್: ಕೊಳ್ಳುವ ಮುನ್ನ ಒಂದು ಎಚ್ಚರಿಕೆ

ಅಮೆರಿಕದ ಮಿನ್ನೆಸೋಟದಲ್ಲಿ ಹಿಮ ಕರಗಿದೊಡನೆ ನಮ್ಮ ಕನ್ನಡ ಬಳಗದಲ್ಲೂ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಪ್ರವಾಸದಲ್ಲಿ ಒಳಗೇ ಮಲಗಬಹುದಾದ ಟ್ರೈಲರ್‌ಗಳ ಮಾತು ಶುರುವಾಗುತ್ತದೆ. ಹೋದ ವರ್ಷ ಅಂಥದ್ದೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ನಮ್ಮ ಕುಟುಂಬ ಪಟ್ಟ ಪಾಡನ್ನು ಬೇರೆಯವರು ಪಡದಿರಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕೊಂಡದ್ದು 1980ರ ದಶಕದ, 13 ಅಡಿ ಉದ್ದದ, ಮೊಟ್ಟೆಯಾಕಾರದ ಫೈಬರ್‌ಗ್ಲಾಸ್ ಟ್ರೈಲರ್. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ, ಏಕೆಂದರೆ ತಪ್ಪು ಅವರದ್ದಲ್ಲ. ನಡುವಿನ ಮಾಲೀಕರೊಬ್ಬರು ಒಳಗೆ ಮಾಡಿದ ಮಾರ್ಪಾಡುಗಳದ್ದು, ಅವನ್ನು ಪರೀಕ್ಷಿಸದೆ 9,500 ಡಾಲರ್ ಎಣಿಸಿಕೊಟ್ಟ ನನ್ನದು. ಜಾಹೀರಾತಿನ ಚಿತ್ರಗಳಲ್ಲಿ ಗಾಡಿ ಹೊಸದರಂತಿತ್ತು. ಒಳಗೆಲ್ಲ ಬಿಳಿ ಬಣ್ಣ, ನೆಲಕ್ಕೆ ಮರದ ಹಲಗೆಯಂತೆ ಕಾಣುವ ಹೊಸ ವಿನೈಲ್ ಹಾಸು, ಛಾವಣಿಯ ಮೇಲೆ ಏಸಿ. ಬಾಗಿಲ ಪಕ್ಕದ ಬಟ್ಟೆ ಕಪಾಟನ್ನೂ ಕಿಟಕಿಗಳ ಮೇಲಿನ ಕಪಾಟುಗಳನ್ನೂ ಕಿತ್ತು ತೆಗೆದಿದ್ದರಿಂದ ಅಷ್ಟು ಚಿಕ್ಕ ಗಾಡಿಯೂ ವಿಶಾಲವಾಗಿ ತೋರುತ್ತಿತ್ತು. ಆ ವಿಶಾಲತೆಯನ್ನು ಕಂಡೇ ನನ್ನ ಹೆಂಡತಿಯೂ ನಾನೂ ಒಪ್ಪಿಕೊಂಡೆವು. ಎಲ್ಲ ಚಿತ್ರಗಳಲ್ಲೂ ಬಾಗಿಲು ತೆರೆದೇ ಇತ್ತೆಂಬುದನ್ನು ಆಗ ಗಮನಿಸಲಿಲ್ಲ.

ಈ ಬಗೆಯ ಗಾಡಿಗಳ ರಚನೆಯನ್ನು ತಿಳಿಯದೆ ಮುಂದಿನ ತೊಂದರೆ ಅರ್ಥವಾಗುವುದಿಲ್ಲ. ಕೆನಡಾದ ವಿನ್ನಿಪೆಗ್‌ನಲ್ಲಿ 1968ರಲ್ಲಿ ರೇ ಓಲೆಕೊ ಎಂಬುವವರು ‘ಬೋಲರ್’ ಎಂಬ 13 ಅಡಿಯ ಟ್ರೈಲರ್ ತಂದರು. ಆಮೇಲೆ ಬಂದ ಹಲವು ಕಂಪನಿಗಳ ಗಾಡಿಗಳು ಅದೇ ಮಾದರಿಯವು. ಒಂದು ಬೋಗುಣಿಯ ಮೇಲೆ ಇನ್ನೊಂದನ್ನು ಕವುಚಿ ಬಾಯಿಗೆ ಬಾಯಿ ಬೆಸೆದಂತೆ, ಫೈಬರ್‌ಗ್ಲಾಸಿನ ಎರಡು ಅಚ್ಚುಗಳನ್ನು ನಡುವಿನಲ್ಲಿ ಕೂಡಿಸಿ ಮೈಯನ್ನು ಮಾಡಿರುತ್ತಾರೆ. ಗೋಡೆಯೊಳಗೆ ಮರದ ಚೌಕಟ್ಟಾಗಲಿ ಛಾವಣಿಗೆ ತೊಲೆಯಾಗಲಿ ಇರುವುದಿಲ್ಲ. ಆ ತೆಳುವಾದ ಚಿಪ್ಪಿಗೆ ಬಲ ಬರುವುದು ಒಂದು ಅದರ ಬಾಗಿನಿಂದ, ಇನ್ನೊಂದು ಗೋಡೆಗೆ ರಿವೆಟ್ ಹೊಡೆದು ಕೂರಿಸಿದ ಕಪಾಟುಗಳಿಂದ. ನೆಲದಿಂದ ಛಾವಣಿಯವರೆಗೆ ನಿಲ್ಲುವ ಬಟ್ಟೆ ಕಪಾಟು ನೋಡುವುದಕ್ಕೆ ಕಪಾಟು, ಕೆಲಸದಲ್ಲಿ ಕಂಬ. ನಮ್ಮ ಗಾಡಿಯಲ್ಲಿ ಆ ಕಂಬವನ್ನೇ ತೆಗೆದು, ಅದು ಹೊರಬೇಕಿದ್ದ ಛಾವಣಿಯ ಮೇಲೆ ಸುಮಾರು 80 ಪೌಂಡ್ ತೂಕದ ಏಸಿಯನ್ನು ಕೂರಿಸಿದ್ದರು.

ಜೂನ್ ತಿಂಗಳಲ್ಲಿ ಗೂಸ್‌ಬೆರಿ ಜಲಪಾತ ನೋಡಲೆಂದು ಐ-35 ಹೆದ್ದಾರಿಯಲ್ಲಿ ಡುಲೂತ್ ಕಡೆಗೆ ಹೊರಟೆವು. ಹಿಂಕ್ಲಿ ದಾಟಿದ ಮೇಲೆ ದೊಡ್ಡ ಟ್ರಕ್ಕೊಂದು ನಮ್ಮನ್ನು ಹಿಂದೆ ಹಾಕಿ ಹೋದಾಗ ಟ್ರೈಲರ್ ಒಮ್ಮೆ ಎಡಕ್ಕೆ ವಾಲಿ, ಬಲಕ್ಕೆ ಬಂದು, ಮತ್ತೆ ಇನ್ನೂ ಜೋರಾಗಿ ಎಡಕ್ಕೆ ಎಳೆಯಿತು. ಕಾರಿನ ಹಿಂಭಾಗವೂ ಅದರ ಜೊತೆಗೇ ತೂಗಿತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ಕಿರುಚಿಕೊಂಡರು. ಬ್ರೇಕ್ ತುಳಿಯದೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೇರವಾಗಿ ಹಿಡಿದದ್ದರಿಂದ ಉಳಿದುಕೊಂಡೆವು.

ಕಾರಣ ಸರಳವಾದದ್ದು. ನಮ್ಮ ಅಜ್ಜ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಮೂಕಿಯ ಮೇಲೆ ಒಂದಿಷ್ಟು ಭಾರ ಬೀಳುವಂತೆ ನೋಡಿಕೊಳ್ಳುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಉರುಲಾಗುತ್ತದೆ ಎನ್ನುತ್ತಿದ್ದರು. ಟ್ರೈಲರಿಗೂ ಅದೇ ನಿಯಮ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಕಾರಿನ ಕೊಂಡಿಯ ಮೇಲೆ ಬೀಳಬೇಕು. ಹಿಂತಿರುಗಿದ ಮೇಲೆ ತೂಕ ಮಾಡಿಸಿದರೆ ಗಾಡಿ 1,750 ಪೌಂಡ್ ಇತ್ತು, ಕೊಂಡಿಯ ಮೇಲೆ ಬೀಳುತ್ತಿದ್ದದ್ದು 85 ಪೌಂಡ್ ಮಾತ್ರ. ಮುಂಭಾಗದಲ್ಲಿದ್ದ ಬ್ಯಾಟರಿಯನ್ನು ಹಿಂದಿನ ಮಾಲೀಕರು ಹಿಂಬದಿಗೆ ಸಾಗಿಸಿ, ಜೊತೆಗೆ ಇನ್ನೊಂದನ್ನು ಸೇರಿಸಿದ್ದರು. ಅದರ ಮೇಲೆ ನಾನು ಹಿಂದುಗಡೆಯೇ ಎರಡು ಸೈಕಲ್ ನೇತುಹಾಕಿದ್ದೆ. ಕೊಂಡಿಯ ಭಾರವನ್ನು ಹೊರಡುವ ಮುನ್ನವೇ ಅಳೆಯಬಹುದಿತ್ತು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಅಂದು ರಾತ್ರಿ ಮಳೆ ಬಂತು. ಏಸಿಯ ಸುತ್ತಲಿಂದ ನೀರು ಇಳಿದು ಮಗಳ ಹಾಸಿಗೆ ನೆನೆಯಿತು. ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಛಾವಣಿ ತಟ್ಟೆಯಂತೆ ತಗ್ಗಾಗಿ, ಏಸಿಯ ಸುತ್ತ ಎರಡು ಬೆರಳು ನೀರು ನಿಂತಿತ್ತು.

ಮನೆಗೆ ಬಂದು ವಿನೈಲ್ ಹಾಸಿನ ಒಂದು ಮೂಲೆ ಎತ್ತಿದೆ. ಬಾಗಿಲ ಬಳಿ ಸ್ಕ್ರೂಡ್ರೈವರ್ ಇಟ್ಟು ಮೆಲ್ಲನೆ ಒತ್ತಿದರೆ ಅದು ನೆನೆದ ರಸ್ಕಿನೊಳಗೆ ಇಳಿದಂತೆ ಹಿಡಿಯವರೆಗೆ ಇಳಿಯಿತು. ಹೊರಗೆಳೆದಾಗ ಕಪ್ಪು ಪುಡಿಯೂ ಅಣಬೆಯ ವಾಸನೆಯೂ ಬಂದವು. ಚಾಸಿಗೆ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿಗೆ, ಮೈಯನ್ನು ಹಿಡಿದಿಡುವ ಬೋಲ್ಟುಗಳು ಆ ಕೊಳೆತ ಹಲಗೆಯ ಮೂಲಕವೇ ಹಾದುಹೋಗಿದ್ದವು. ಕೆಳಗೆ ಮಲಗಿ, ಹೊಸದಾಗಿ ಬಳಿದಿದ್ದ ದಪ್ಪ ಕಪ್ಪು ಬಣ್ಣವನ್ನು ಕೆರೆದಾಗ, ಚಾಸಿ ಮುಂದಕ್ಕೆ ಬಾಗುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇಂಥ ಹಳೆಯ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗವೇ ಅದು. ಹಳೆಯ ಗಾಡಿಯ ಅಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅನುಮಾನಪಡಿ, ಕೆರೆದು ನೋಡಲು ಮಾಲೀಕರು ಒಪ್ಪದಿದ್ದರೆ ಹಿಂತಿರುಗಿ.

ಆಕ್ಸಲ್ ಕೂಡ ಮುಗಿದಿತ್ತು. ಅದರೊಳಗೆ ಸ್ಪ್ರಿಂಗಿನ ಕೆಲಸ ಮಾಡುವ ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ, ದುರಸ್ತಿಯಿಲ್ಲ, ಬದಲಿಸಬೇಕು ಅಷ್ಟೆ.

ದುರಸ್ತಿಯಲ್ಲಿ ನಾನೇ ಮಾಡಿದ ತಪ್ಪುಗಳನ್ನೂ ಹೇಳಬೇಕು. ಸೋರುವುದು ಕಂಡೊಡನೆ ಅಂಗಡಿಗೆ ಓಡಿ ಸ್ನಾನದ ಮನೆಗೆ ಹಚ್ಚುವ ಸಿಲಿಕೋನ್ ತಂದು ಏಸಿಗೂ ಕಿಟಕಿಗಳಿಗೂ ಹಚ್ಚಿದೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅದು ಅಂಚಿನಿಂದ ಬಿಟ್ಟುಕೊಂಡಿತು. ಅದು ಬಿಟ್ಟುಹೋದ ಜಾಗದಲ್ಲಿ ಉಳಿಯುವ ಕಣ್ಣಿಗೆ ಕಾಣದ ಜಿಡ್ಡಿನ ಮೇಲೆ ಬಣ್ಣವೂ ಹಿಡಿಯಲಿಲ್ಲ, ಫೈಬರ್‌ಗ್ಲಾಸ್ ದುರಸ್ತಿಗೆ ಹಚ್ಚುವ, ಆರಿದರೆ ಗಟ್ಟಿಯಾಗುವ ದ್ರವವಾದ ರೆಸಿನ್ನೂ ಹಿಡಿಯಲಿಲ್ಲ; ಉಜ್ಜಿ ತೆಗೆಯಲು ಮೂರು ವಾರಾಂತ್ಯಗಳು ಬೇಕಾದವು. ಕಿಟಕಿಗೆ ಬ್ಯೂಟೈಲ್ ಟೇಪ್ ಎಂಬ ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ ಬಳಸಬೇಕಿತ್ತು. ಇನ್ನೊಮ್ಮೆ ಬೇಗ ಮುಗಿಸುವ ಆಸೆಯಿಂದ ಪಾಲಿಯೆಸ್ಟರ್ ರೆಸಿನ್ನನ್ನು ಒಂದೇ ಸಲಕ್ಕೆ ಡಬ್ಬದ ತುಂಬ ಕಲಸಿದೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆಂದು ಓದಿದ್ದೆ, ಎಷ್ಟು ಬಿಸಿಯೆಂಬ ಅಂದಾಜಿರಲಿಲ್ಲ. ಪ್ಲಾಸ್ಟಿಕ್ ಡಬ್ಬ ಕೈಯಲ್ಲೇ ಮೆತ್ತಗಾಗಿ ಹೊಗೆಯಾಡತೊಡಗಿತು, ಅಂಗಳಕ್ಕೆ ಎಸೆದೆ. ಗ್ಯಾರೇಜು ಮನೆಗೆ ಅಂಟಿಕೊಂಡಿರುವುದರಿಂದ ಅದರ ವಾಸನೆ ಎರಡು ದಿನ ಮಕ್ಕಳ ಕೋಣೆಯಲ್ಲಿತ್ತು. ಈ ಕೆಲಸವನ್ನು ಮನೆಯಿಂದ ದೂರ, ಬಯಲಿನಲ್ಲಿ, ಆವಿಯನ್ನೂ ದೂಳನ್ನೂ ತಡೆಯುವ ಮಾಸ್ಕ್ ಹಾಕಿಕೊಂಡೇ ಮಾಡಿ.

ಕೊನೆಗೆ ಏಸಿಯನ್ನು ಇಳಿಸಿ, ಒಳಗೆ ಮರದ ಕಂಬ ನಿಲ್ಲಿಸಿ, ಕೆಳಗೆ ಕಾರಿನ ಜಾಕ್ ಇಟ್ಟು ದಿನಕ್ಕೆ ಕಾಲು ಇಂಚಿನಂತೆ ಛಾವಣಿಯನ್ನು ಎತ್ತಿದೆ. ಆಮೇಲೆ ಪ್ಲೈವುಡ್ಡಿನಲ್ಲಿ ಹೊಸ ಕಪಾಟು ಮಾಡಿ ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಛಾವಣಿಗೂ ಗೋಡೆಗೂ ಬೆಸೆದೆ. ಕೊಳೆತ ನೆಲವನ್ನು ಕತ್ತರಿಸಿ ತೆಗೆದು, ಎಲ್ಲ ಅಂಚುಗಳಿಗೂ ಎಪಾಕ್ಸಿ ಕುಡಿಸಿದ, ದೋಣಿಗಳಿಗೆ ಬಳಸುವ ಮರೀನ್ ಪ್ಲೈವುಡ್ ಹಾಕಿದೆ. ಚಾಸಿಯ ಬಿರುಕನ್ನು ಮಾತ್ರ ನಾನು ಮುಟ್ಟದೆ, ಅನುಭವಿ ವೆಲ್ಡರ್ ಒಬ್ಬರಿಂದ ಬೆಸೆಸಿ, ಮೇಲೆ ಉಕ್ಕಿನ ಪಟ್ಟಿ ಕೂರಿಸಿದೆ. ಹೊಸ ಆಕ್ಸಲ್ ಸೇರಿ ಖರ್ಚು 4,000 ಡಾಲರ್ ದಾಟಿತು, ಒಂದು ಬೇಸಿಗೆ ಪೂರ್ತಿ ಹೋಯಿತು.

ಸರಿಹೋಗದೆ ಉಳಿದದ್ದು ಬಾಗಿಲು. ಮೈಯ ಬಾಗಿಗೆ ತಕ್ಕಂತೆ ಅಚ್ಚು ಹಾಕಿದ ಬಾಗಿಲದು. ಎಷ್ಟೋ ವರ್ಷ ಕುಸಿದೇ ಇದ್ದ ಮೈ ಪೂರ್ತಿಯಾಗಿ ಮೊದಲಿನ ಆಕಾರಕ್ಕೆ ಬರಲಿಲ್ಲ. ಮುಚ್ಚಿದಾಗ ಈಗಲೂ ಮೇಲ್ತುದಿಯಲ್ಲಿ ಒಂದು ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಕೊಳ್ಳುವ ದಿನವೂ ಆ ಸಂದು ಅಲ್ಲೇ ಇತ್ತು, ಆಗ ಎರಡು ಬೆರಳಷ್ಟು. ನೀವು ನೋಡುತ್ತಿರುವ ಜಾಹೀರಾತಿನಲ್ಲಿ ಬಾಗಿಲು ಮುಚ್ಚಿದ ಚಿತ್ರವಿಲ್ಲದಿದ್ದರೆ, ಬೆಲೆಯ ಮಾತಿಗೂ ಮುನ್ನ, ಹೊರಗಿನಿಂದ ನೇರವಾಗಿಯೂ ಪಕ್ಕದಿಂದಲೂ ತೆಗೆದ ಆ ಚಿತ್ರವನ್ನು ಕೇಳಿ ತರಿಸಿಕೊಳ್ಳಿ.