ಲಿಸ್ಪ್‌ನಿಂದ ಗ್ರಾಫ್ ವಿಂಡೋ: ವಿಜಿಪ್ಲಾಟ್ ಇಟ್ಟುಕೊಳ್ಳಬೇಕೋ, ಲಿಸ್ಪ್-ಸ್ಟ್ಯಾಟ್ ಪ್ಲಾಟ್ ಇಟ್ಟುಕೊಳ್ಳಬೇಕೋ?

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಗ್ರಾಫ್ ಬಿಡಿಸಲು ಬಳಸುವ ಎರಡು ಲೈಬ್ರರಿಗಳ ಬಗ್ಗೆ ತೀರ್ಪು ಮೊದಲೇ ಹೇಳಿಬಿಡೋಣ. ರೆಪ್ಲ್ (ಲಿಸ್ಪ್ ಆದೇಶ ಬರೆದೊಡನೆ ಉತ್ತರ ಕೊಡುವ ಪರದೆ) ಮುಂದೆ ಕೂತು ಸಂಖ್ಯೆಗಳ ಜೊತೆ ಗುದ್ದಾಡುವವರಿಗೆ ವಿಜಿಪ್ಲಾಟ್. ಕೊನೆಗೆ ಬಂದ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸಿ, ಅವರೂ ಮೌಸ್ ಇಟ್ಟು ನೋಡಲಿ ಎನ್ನುವವರಿಗೆ ಲಿಸ್ಪ್-ಸ್ಟ್ಯಾಟ್‌ನ ಪ್ಲಾಟ್. ಎರಡೂ ಉಚಿತ, ಎರಡೂ ಲಿಸ್ಪ್ ಲೈಬ್ರರಿಗಳನ್ನು ತಂದುಹಾಕುವ ಕ್ವಿಕ್‌ಲಿಸ್ಪ್‌ನಲ್ಲಿ ಸಿಗುತ್ತವೆ, ಮತ್ತು ಎರಡೂ ತಾವಾಗಿ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಮೊದಲನೆಯದು ಗ್ನೂಪ್ಲಾಟ್ ಎಂಬ ಬೇರೊಂದು ಗ್ರಾಫ್ ಪ್ರೋಗ್ರಾಮಿನ ಕೈಯಲ್ಲಿ ಬಿಡಿಸುತ್ತದೆ, ಎರಡನೆಯದು ಬ್ರೌಸರ್‌ನ ಕೈಯಲ್ಲಿ. ಮುಂದೆ ಬರುವ ಎಲ್ಲ ಸುಖದುಃಖಗಳೂ ಇದರಿಂದಲೇ.

ಪರೀಕ್ಷೆಗೆ ಒಳ್ಳೆಯ ಸರಕು ಬೆಂಗಳೂರಿನ ದಿನವಹಿ ಮಳೆ. ಎರಡೇ ಕಾಲಂ, ದಿನಾಂಕ ಮತ್ತು ಮಿಲಿಮೀಟರ್. ಬಹುತೇಕ ದಿನ ಸೊನ್ನೆ, ನಡುವೆ 2024ರ ಜೂನ್ 2ರ 111.1 ಮಿ.ಮೀ.ಯಂಥ ಒಂಟಿ ಕಂಬ. ಹಿಗ್ಗಿಸದೆ ನೋಡಿದರೆ ಉಳಿದ ಮಳೆಯೆಲ್ಲ ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ.

ವಿಜಿಪ್ಲಾಟ್ ಶುರು ಮಾಡುವುದಕ್ಕೆ ಕ್ವಿಕ್‌ಲಿಸ್ಪ್‌ನ ಕ್ವಿಕ್‌ಲೋಡ್ ಆದೇಶ ಸಾಕು, ಜೊತೆಗೆ ಗ್ನೂಪ್ಲಾಟ್ ಬೇರೆ ಇರಬೇಕು. ಹೊಸಬರು ಎಡವುವುದು ಇಲ್ಲೇ. ಉಬುಂಟು, ಡೆಬಿಯನ್‌ಗಳಲ್ಲಿ ಗ್ನೂಪ್ಲಾಟ್ ಮೂರು ಪ್ಯಾಕೇಜುಗಳಾಗಿ ಬರುತ್ತದೆ: ‘ನಾಕ್ಸ್’, ‘ಎಕ್ಸ್11’, ‘ಕ್ಯೂಟಿ’ ಎಂಬ ಬಾಲಗಳೊಡನೆ. ‘ನಾಕ್ಸ್’ ಇದ್ದರೆ ಪ್ಲಾಟ್ ಫಂಕ್ಷನ್ ಕರೆದಾಗ ದೋಷವೂ ಬರದೆ, ವಿಂಡೋವೂ ಬರದೆ ಇರಬಹುದು, ಏಕೆಂದರೆ ಅದರಲ್ಲಿ ಪರದೆಗೆ ಬಿಡಿಸುವ ಭಾಗವೇ ಇಲ್ಲ. ಲಿಸ್ಪ್ ಕೋಡನ್ನು ತಡಕುವ ಮೊದಲು ಟರ್ಮಿನಲ್‌ನಲ್ಲಿ ಗ್ನೂಪ್ಲಾಟ್ ಒಂದನ್ನೇ ತೆರೆದು, ‘ಶೋ ಟರ್ಮಿನಲ್’ ಎಂದು ಕೇಳಿ. ಉತ್ತರ ‘ಕ್ಯೂಟಿ’ ಅಥವಾ ‘ಎಕ್ಸ್11’ ಎಂದು ಬಂದರೆ ಸರಿ. ‘ಡಂಬ್’ ಅಥವಾ ‘ಅನ್‌ನೋನ್’ ಎಂದರೆ ಕ್ಯೂಟಿ ಪ್ಯಾಕೇಜ್ ಹಾಕಿ.

ವಿಂಡೋ ಬಂದ ಮೇಲೆ ಮಜಾ ಇದೆ. ಬಲ ಬಟನ್ ಒಮ್ಮೆ ಒತ್ತಿ, ಮೌಸ್ ಸರಿಸಿ, ಚೌಕ ಮುಗಿಯುವ ಕಡೆ ಮತ್ತೆ ಒತ್ತಿದರೆ ಆ ಭಾಗ ಹಿಗ್ಗುತ್ತದೆ. ‘ಪಿ’ ಕೀ ಹಿಂದಿನ ಹಿಗ್ಗುವಿಕೆಗೆ, ‘ಎನ್’ ಮುಂದಿನದಕ್ಕೆ, ‘ಯು’ ಎಲ್ಲ ಬಿಟ್ಟು ಮೂಲಕ್ಕೆ. ‘ಜಿ’ ಒತ್ತಿದರೆ ಚೌಕಳಿ, ‘ಆರ್’ ಒತ್ತಿದರೆ ಅಳತೆಪಟ್ಟಿ, ‘ಎಲ್’ ಒತ್ತಿದರೆ ಲಾಗ್ ಅಕ್ಷ. ಮೂರು ಆಯಾಮದ ಗ್ರಾಫ್ ಆದರೆ ಎಡ ಬಟನ್ ಹಿಡಿದು ತಿರುಗಿಸಬಹುದು. ‘ಎಚ್’ ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ. ಮಳೆಯ ಡೇಟಾಗೆ ಲಾಗ್ ಅಕ್ಷ ಬೇಡ: ಸೊನ್ನೆಗೆ ಲಾಗ್ ಇಲ್ಲವಾದ್ದರಿಂದ ಒಣ ದಿನಗಳೆಲ್ಲ ಮಾಯವಾಗುತ್ತವೆ.

ಈ ಹಿಗ್ಗಿಸುವಿಕೆ ನಡೆಯುವುದು ಹೇಗೆ ಎಂಬುದು ಗೊತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಕ್ಯೂಟಿ, ಎಕ್ಸ್11 ಎರಡರಲ್ಲೂ ಕಾಣುವ ವಿಂಡೋ ಬೇರೆ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್), ಲೆಕ್ಕ ಹಾಕಿ ಮತ್ತೆ ಬಿಡಿಸುವ ಗ್ನೂಪ್ಲಾಟ್ ಬೇರೆ ಪ್ರೊಸೆಸ್. ವಿಜಿಪ್ಲಾಟ್ ಈ ಗ್ನೂಪ್ಲಾಟನ್ನು ಪೈಪ್ (ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಪಠ್ಯ ಕಳಿಸುವ ದಾರಿ) ಮೂಲಕ ಜೀವಂತ ಇಟ್ಟುಕೊಂಡು, ಡೇಟಾವನ್ನು ತಾತ್ಕಾಲಿಕ ಫೈಲಿನಲ್ಲಿ ಇಡುತ್ತದೆ. ಆದ್ದರಿಂದಲೇ ರೆಪ್ಲ್ ತಡೆದು ನಿಲ್ಲುವುದಿಲ್ಲ, ಹಿಗ್ಗಿಸಿದಾಗ ಓದಲು ಡೇಟಾ ಕೈಗೆ ಸಿಗುತ್ತದೆ. ಲಿಸ್ಪ್ ಮುಚ್ಚಿದರೆ ಗ್ನೂಪ್ಲಾಟೂ ಹೋಗುತ್ತದೆ, ಅದರ ಜೊತೆ ವಿಂಡೋ. ‘ಪರ್ಸಿಸ್ಟ್’ ಹಾಕಿ ವಿಂಡೋ ಉಳಿಸಿಕೊಂಡರೂ ಉಳಿಯುವುದು ಚಿತ್ರ ಮಾತ್ರ, ಹಿಗ್ಗುವ ಗುಣ ಹೋಗಿರುತ್ತದೆ. ಸ್ಕ್ರಿಪ್ಟ್ ಓಡಿಸಿದಾಗ ವಿಂಡೋ ಮಿಂಚಿ ಮರೆಯಾಯಿತು ಎನ್ನುವ ದೂರಿಗೂ ಇದೇ ಕಾರಣ; ಸ್ಕ್ರಿಪ್ಟಿನ ಕೊನೆಗೆ ಒಂದು ಸಾಲು ಓದುವ ಆದೇಶ ಇಟ್ಟು, ಎಂಟರ್ ಒತ್ತುವವರೆಗೆ ಲಿಸ್ಪ್ ಕಾಯುವ ಹಾಗೆ ಮಾಡಿ.

ಕೊರತೆಗಳೂ ಇವೆ. ‘ಫಿಗರ್’ ಎಂದು ಕರೆದಷ್ಟೂ ಹೊಸ ಗ್ನೂಪ್ಲಾಟ್ ಹುಟ್ಟುತ್ತದೆ, ಮುಚ್ಚುವ ಜವಾಬ್ದಾರಿ ನಿಮ್ಮದು (ಎಲ್ಲವನ್ನೂ ಒಟ್ಟಿಗೆ ಮುಚ್ಚುವ ಫಂಕ್ಷನ್ ಇದೆ). ಪ್ರತಿ ಸಲ ವಿಂಡೋ ಎದ್ದು ನೀವು ಕೋಡ್ ಬರೆಯುವ ಈಮ್ಯಾಕ್ಸ್ ಮೇಲೆ ಕೂರುತ್ತಿದ್ದರೆ ಕ್ಯೂಟಿ ಟರ್ಮಿನಲ್‌ಗೆ ‘ನೋರೈಸ್’ ಕೊಡಿ. ಬಿಂದುವಿನ ಮೇಲೆ ಮೌಸ್ ಇಟ್ಟರೆ ದಿನಾಂಕ, ಮಳೆ ಎರಡೂ ಹೇಳುವ ಚೀಟಿ ಸುಲಭಕ್ಕೆ ಸಿಗದು. ಗ್ನೂಪ್ಲಾಟ್‌ನ ‘ಹೈಪರ್‌ಟೆಕ್ಸ್ಟ್’ ಲೇಬಲ್ ಅನ್ನು ವಿಜಿಪ್ಲಾಟ್‌ನ ಫಾರ್ಮ್ಯಾಟ್-ಪ್ಲಾಟ್ ಫಂಕ್ಷನ್ ಮೂಲಕ ಕಚ್ಚಾ ಆದೇಶವಾಗಿ ಕಳಿಸಬೇಕು. ಅಲ್ಲಿ ಕಳಿಸುವ ಪಠ್ಯ ಲಿಸ್ಪ್‌ನ ಫಾರ್ಮ್ಯಾಟ್ ಫಂಕ್ಷನ್ ಮೂಲಕವೇ ಹಾಯುತ್ತದೆ, ಟಿಲ್ಡೆ (~) ಚಿಹ್ನೆ ಇದ್ದರೆ ಎರಡು ಸಲ ಬರೆಯಿರಿ.

ಲಿಸ್ಪ್-ಸ್ಟ್ಯಾಟ್‌ನ ಪ್ಲಾಟ್ ಇದಕ್ಕೆ ತದ್ವಿರುದ್ಧ. ನೀವು ಬರೆದ ವಿವರಣೆಯನ್ನು ವೇಗಾ-ಲೈಟ್ (ಬ್ರೌಸರಿನಲ್ಲಿ ಗ್ರಾಫ್ ಬಿಡಿಸುವ ವೇಗಾದ ಸರಳ ರೂಪ) ಓದುವ ಜೇಸನ್ ಎಂಬ ಡೇಟಾ ಪಠ್ಯವಾಗಿಸಿ, ಎಚ್‌ಟಿಎಂಎಲ್ ಪುಟದಲ್ಲಿಟ್ಟು ಬ್ರೌಸರಿಗೆ ಕೊಡುತ್ತದೆ. ಚೀಟಿ ಬೇಕೇ, ಮಾರ್ಕ್‌ಗೆ ಟೂಲ್‌ಟಿಪ್ ಎಂದರಾಯಿತು. ಆದರೆ ಹಿಗ್ಗಿಸುವುದು ತಾನಾಗಿ ಬರುವುದಿಲ್ಲ: ಇಂಟರ್ವಲ್ ಆಯ್ಕೆಯೊಂದನ್ನು (ಮೌಸ್‌ನಿಂದ ಆರಿಸುವ ವ್ಯಾಪ್ತಿ) ಬರೆದು ಅದನ್ನು ಸ್ಕೇಲ್‌ಗೆ ಕಟ್ಟಬೇಕು. ಹೀಗೆ ಕಟ್ಟಿದ ಮೇಲೆ ಸ್ಕ್ರೋಲ್ ಚಕ್ರದಿಂದ ಹಿಗ್ಗು, ಎಳೆದರೆ ಸರಿತ. ಇದನ್ನು ಬರೆಯುವ ರೀತಿ ವೇಗಾ-ಲೈಟ್ 4ರಲ್ಲಿ ‘ಸೆಲೆಕ್ಷನ್’, 5ರಲ್ಲಿ ‘ಪ್ಯಾರಮ್ಸ್’; ಹಳೆಯ ಉದಾಹರಣೆ ನಕಲು ಮಾಡಿದವರ ಗ್ರಾಫ್ ಅಲುಗಾಡದೆ ನಿಲ್ಲುವುದು ಇದಕ್ಕೇ.

ಬಿಳಿ ಪುಟವೊಂದೇ ಕಂಡರೆ ಎಫ್12 ಒತ್ತಿ ಕನ್ಸೋಲ್ ನೋಡಿ. ವೇಗಾದ ಸ್ಕ್ರಿಪ್ಟ್ ನೆಟ್‌ನಿಂದ ಬರಬೇಕಾದಾಗ, ಕರೆಂಟ್ ಹೋಗಿ ರೂಟರ್ ಆರಿದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೂ ಪುಟ ಖಾಲಿ. ವಿಜಿಪ್ಲಾಟ್‌ಗೆ ಆ ಹಂಗಿಲ್ಲ. ‘ಫೈಲ್ ಸಿಗಲಿಲ್ಲ’ ಎಂದು ಬ್ರೌಸರ್ ಹೇಳಿದರೆ ಅನುಮಾನಿಸಬೇಕಾದದ್ದು ಸ್ನ್ಯಾಪ್, ಅಂದರೆ ಪ್ರೋಗ್ರಾಮನ್ನು ಉಳಿದ ಫೈಲುಗಳಿಂದ ಬೇರ್ಪಡಿಸಿಡುವ ಉಬುಂಟುವಿನ ಪ್ಯಾಕೇಜ್ ರೀತಿ. ಉಬುಂಟು 22.04ರ ನಂತರ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿ. ಅದಕ್ಕೆ ತನ್ನದೇ ಟೆಂಪ್ ಫೋಲ್ಡರ್ ಇದೆ, ಮನೆ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳನ್ನು ಅದು ನೋಡಲಾರದು. ಎಚ್‌ಟಿಎಂಎಲ್ ಅನ್ನು ಮನೆ ಫೋಲ್ಡರಿನೊಳಗೆ ಮಾಮೂಲಿ ಹೆಸರಿನ ಜಾಗದಲ್ಲಿ ಬರೆಸಿ, ಇಲ್ಲವೇ ಡೆಬ್ ಪ್ಯಾಕೇಜಿನಿಂದ ಹಾಕಿದ ಬ್ರೌಸರ್ ಬಳಸಿ. ಅಕ್ಷಗಳು ಬಂದು ಕಂಬಗಳೇ ಇಲ್ಲದಿದ್ದರೆ ಕಾಲಂ ಹೆಸರು ನೋಡಿ: ಹೆಸರಿನ ನಡುವೆ ಚುಕ್ಕಿ ಇದ್ದರೆ ವೇಗಾ ಅದನ್ನು ಒಳಗಿನ ಇನ್ನೊಂದು ಹೆಸರೆಂದು ಓದುತ್ತದೆ. ಜೇಸನ್‌ನ ಅರೇ ಬೇಕಾದ ಕಡೆ ಲಿಸ್ಟ್ ಅಲ್ಲ, ವೆಕ್ಟರ್ ಬರೆಯಬೇಕು ಎಂಬುದನ್ನೂ ನೆನಪಿಡಿ.

ಒಂದು ಕಡೆ ಆರಿಸಿದ ಬಿಂದುಗಳು ಪಕ್ಕದ ಗ್ರಾಫಿನಲ್ಲೂ ಬಣ್ಣ ಬದಲಿಸುವ ಸೌಲಭ್ಯಕ್ಕಾಗಿಯೇ ಪ್ಲಾಟ್ ಇಟ್ಟುಕೊಳ್ಳಬಹುದು. ಸಂಖ್ಯಾಶಾಸ್ತ್ರಜ್ಞ ಲೂಕ್ ಟಿಯರ್ನಿ ಅವರ ಹಳೆಯ ಎಕ್ಸ್‌ಲಿಸ್ಪ್-ಸ್ಟ್ಯಾಟ್ ಇದನ್ನು ಬ್ರೌಸರ್‌ಗಳು ಹುಟ್ಟುವ ಮೊದಲೇ ಮಾಡುತ್ತಿತ್ತು, ಆರಿಸಿದ ಬಿಂದುಗಳು ಲಿಸ್ಪ್‌ಗೂ ತಿಳಿಯುತ್ತಿದ್ದವು. ಈಗಿನದರಲ್ಲಿ ಆಯ್ಕೆ ಬ್ರೌಸರಿನಲ್ಲೇ ಉಳಿಯುತ್ತದೆ, ರೆಪ್ಲ್‌ಗೆ ಹಿಂದಿರುಗಿ ಬರುವುದಿಲ್ಲ. ಅಷ್ಟರಮಟ್ಟಿಗೆ ಇದು ಹಿಂದಕ್ಕೆ ಹೋದ ಹೆಜ್ಜೆ.

ಮನೆ ಬನಶಂಕರಿ, ಸರ್ವರ್ ವೈಟ್‌ಫೀಲ್ಡ್ ಆಫೀಸಿನಲ್ಲಿ ಎಂದಾದರೆ ಲೆಕ್ಕ ಬದಲಾಗುತ್ತದೆ. ಈಮ್ಯಾಕ್ಸನ್ನು ಲಿಸ್ಪ್‌ಗೆ ಜೋಡಿಸುವ ಸ್ಲೈಮ್‌ನ 4005 ಪೋರ್ಟನ್ನು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಾಧನ) ಮೂಲಕ ಟನೆಲ್ ಮಾಡಿದರೆ ಕೋಡ್ ಆ ಕಡೆ ಹೋಗುತ್ತದೆ, ಆದರೆ ಗ್ನೂಪ್ಲಾಟ್ ಹುಟ್ಟುವುದೂ ಆ ಕಡೆಯೇ. ಎಸ್‌ಎಸ್‌ಎಚ್‌ನಲ್ಲಿ ಎಕ್ಸ್ ಫಾರ್ವರ್ಡಿಂಗ್ (ಆ ಕಡೆಯ ವಿಂಡೋವನ್ನು ಈ ಕಡೆ ತೋರಿಸುವುದು) ಹಾಕಿ, ಟರ್ಮಿನಲ್ ಎಕ್ಸ್11 ಆರಿಸಿ. ಕ್ಯೂಟಿ ಈ ದಾರಿಯಲ್ಲಿ ತೆವಳುತ್ತದೆ. ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಇಡುವ ಟಿಮಕ್ಸ್ ಒಳಗೆ ನಿನ್ನೆ ಶುರು ಮಾಡಿದ ಎಸ್‌ಬಿಸಿಎಲ್‌ಗೆ (ಲಿಸ್ಪ್‌ನ ಒಂದು ಕಂಪೈಲರ್) ನಿನ್ನೆಯ ಡಿಸ್‌ಪ್ಲೇ ವಿಳಾಸವೇ ಗೊತ್ತು, ಇಂದಿನದು ಬೇರೆ ಇರಬಹುದು. ಲಿಸ್ಪ್ ಮತ್ತೆ ಶುರು ಮಾಡಿ, ಇಲ್ಲವೇ ಆ ಎನ್ವಿರಾನ್ಮೆಂಟ್ ಬೆಲೆಯನ್ನು ಲಿಸ್ಪ್ ಒಳಗಿಂದಲೇ ಬದಲಿಸಿ. ಪ್ಲಾಟ್ ಬಳಸುವವರು ಫೈಲ್ ಬರೆಸಿ, ಪೈಥಾನ್‌ನ ಸಣ್ಣ ಸರ್ವರನ್ನು 127.0.0.1ಕ್ಕೆ ಕಟ್ಟಿ, 8000 ಪೋರ್ಟ್ ಟನೆಲ್ ಮಾಡಿ ಇಲ್ಲಿ ತೆರೆಯುವುದು ಸಲೀಸು.

ಸಮಯದ ಅಕ್ಷ ಇಬ್ಬರನ್ನೂ ಕಾಡುತ್ತದೆ. ಲಿಸ್ಪ್‌ನ ಯೂನಿವರ್ಸಲ್ ಟೈಮ್ 1900ರಿಂದ ಸೆಕೆಂಡ್ ಎಣಿಸುತ್ತದೆ, ಗ್ನೂಪ್ಲಾಟ್ 5 ಎಣಿಸುವುದು 1970ರಿಂದ. 2,208,988,800 ಕಳೆಯದಿದ್ದರೆ ಮಳೆ 70 ವರ್ಷ ಮುಂದೆ ಸುರಿಯುತ್ತದೆ. ಗ್ನೂಪ್ಲಾಟ್ ತೋರಿಸುವುದು ಯುಟಿಸಿ (ಜಾಗತಿಕ ಮಾನಕ ಸಮಯ), ನಮ್ಮ ಗಡಿಯಾರಕ್ಕೆ 19,800 ಸೆಕೆಂಡ್ ಕೂಡಿಸಿ. ವೇಗಾದಲ್ಲಿ ಬರೀ ‘2024-06-02’ ಎಂದು ಕೊಟ್ಟರೆ ಅದನ್ನು ಯುಟಿಸಿ ಮಧ್ಯರಾತ್ರಿ ಎಂದು ಓದಿ, ನೋಡುವವರ ಸ್ಥಳೀಯ ಸಮಯದಲ್ಲಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಬೆಳಗಿನ 5:30, ದಿನ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರದು. ಅದೇ ಫೈಲನ್ನು ಅಮೆರಿಕದ ಸಹೋದ್ಯೋಗಿ ತೆರೆದರೆ ಜೂನ್ 1. ಕಳಿಸುವ ಮುನ್ನ ಸ್ಕೇಲನ್ನೂ ಟೈಮ್ ಯೂನಿಟನ್ನೂ ಯುಟಿಸಿಗೆ ಇಡಿ.

ಕನ್ನಡದ ಲೇಬಲ್ ಬಗ್ಗೆ: ಬ್ರೌಸರಿನಲ್ಲಿ ಒತ್ತಕ್ಷರಗಳು ಚೆನ್ನಾಗಿ ಬರುತ್ತವೆ. ಗ್ನೂಪ್ಲಾಟ್‌ನಲ್ಲಿ ಕ್ಯೂಟಿ ಟರ್ಮಿನಲ್‌ಗೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಗುಬ್ಬಿ ಫಾಂಟ್ ಕೊಟ್ಟರೆ ಸರಿ, ಎಕ್ಸ್11ನಲ್ಲಿ ಮಾತ್ರ ಒತ್ತುಗಳು ಚೆದುರುತ್ತವೆ. ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಬಂದರೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಎಸ್‌ಬಿಸಿಎಲ್ ಪೈಪಿಗೆ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಬರೆಯುತ್ತಿದೆಯೇ ನೋಡಿ.