ಕಾಲ್ತಿದಿ, ಕೈತಿದಿ, ಕೀಬೋರ್ಡ್: ಸಭೆಯ ಹಾಡಿಗೆ ಯಾವುದು ಹೊಂದುತ್ತದೆ?

ಮಂಗಳೂರಿನ ನಮ್ಮ ಚರ್ಚಿನ ಸಭೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ರೀಡ್ ಆರ್ಗನ್ (ಗಾಳಿಗೆ ಕಂಪಿಸುವ ಲೋಹದ ನಾಲಗೆಗಳೇ ರೀಡುಗಳು), ಕೈಹಾರ್ಮೋನಿಯಂ ಮತ್ತು ಐದು ಸಪ್ತಕಗಳ ಎಲೆಕ್ಟ್ರಾನಿಕ್ ಕೀಬೋರ್ಡ್ ಮೂರೂ ಇರುವುದರಿಂದ, ಕಳೆದ ಮಳೆಗಾಲದಲ್ಲಿ ಒಂದೊಂದನ್ನೂ ಮೂರು ಭಾನುವಾರ ನುಡಿಸಿ ನೋಡಿದೆ. 1834ರಲ್ಲಿ ಇಲ್ಲಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರಿಂದ ನಮಗೆ ದಕ್ಕಿದ ಜರ್ಮನ್ ಧಾಟಿಗಳು ಬಹುಪಾಲು ಸಮಾನ ಅಳತೆಯ ಸ್ವರಗಳಲ್ಲಿ ನಿಧಾನವಾಗಿ ಸಾಗುತ್ತವೆ, ಪ್ರತಿ ಸಾಲಿನ ಕೊನೆಯಲ್ಲಿ ಸಭೆಯೆಲ್ಲ ಒಟ್ಟಾಗಿ ಉಸಿರೆಳೆದುಕೊಳ್ಳುತ್ತದೆ. ಆ ಉಸಿರಿಗೆ ಯಾವ ವಾದ್ಯ ಎಡೆಗೊಡುತ್ತದೆ ಎಂಬುದೇ ನನ್ನ ಅಳತೆಗೋಲಾಗಿತ್ತು.

ಕೈಹಾರ್ಮೋನಿಯಂ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದಲೇ ತುಳಿಯುವಂಥದ್ದು. ನಮ್ಮ ದೇಶದಲ್ಲಿ ಅದು ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾದಾಗ ಒಂದು ಕೈ ತಿದಿಯ ಪಾಲಾಯಿತು. ಉಳಿದ ಒಂದೇ ಕೈಯಲ್ಲಿ ನಾಲ್ಕು ದನಿಗಳನ್ನು ಹಿಡಿಯಲಾಗದೆ ಮೊದಲು ಬಿಟ್ಟುಹೋಗುವುದು ಎಲ್ಲಕ್ಕಿಂತ ಕೆಳಗಿನ ದನಿಯಾದ ಬೇಸ್, ಅದರೊಂದಿಗೆ ಆ ದನಿಯಲ್ಲಿ ಹಾಡುವ ಗಂಡಸರೂ ಮೌನವಾಗುತ್ತಾರೆ. ಹಂಚಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯತೊಡಗಿದರಂತೂ ಮೂರನೆಯ ಬೆಂಚಿನಾಚೆಗೆ ಏನೂ ಕೇಳಿಸದು. (ಆ ಹಂಚಿನ ಉದ್ಯಮವನ್ನು 1865ರಲ್ಲಿ ಇಲ್ಲಿ ಆರಂಭಿಸಿದ್ದೂ ಅದೇ ಮಿಷನ್!) ದೇಸೀ ರಾಗಗಳ ಕೀರ್ತನೆಗಳಿಗೆ ಮಾತ್ರ ಇದರಷ್ಟು ಹೊಂದುವ ವಾದ್ಯ ಬೇರೆ ಇಲ್ಲ.

ಕೀಬೋರ್ಡಿನ ಅನುಕೂಲ ದೊಡ್ಡದು. ಬೆಳಗಿನ ಆರಾಧನೆಯಲ್ಲಿ ಗಂಟಲು ಏಳದವರಿಗಾಗಿ ಗುಂಡಿಯೊತ್ತಿ ಶ್ರುತಿಯನ್ನು ಒಂದು ಮನೆ (ಕೀ) ಕೆಳಗಿಳಿಸಬಹುದು. ಮನೆಗಳನ್ನು ಎರಡು ಭಾಗ ಮಾಡಿ ಎಡಗೈಗೆ ಹದಿನಾರು ಅಡಿಯ ದನಿಯನ್ನು ಕೊಡಬಹುದು. ಪೈಪ್ ಆರ್ಗನ್ನಿನಲ್ಲಿ ಅತ್ಯಂತ ಕೆಳಗಿನ ಸ್ವರದ ಕೊಳವೆ ಸುಮಾರು ಎಂಟು ಅಡಿ ಇದ್ದರೆ ಅದು ಬರೆದ ಸ್ವರವನ್ನೇ ನುಡಿಯುತ್ತದೆ, ಹದಿನಾರು ಅಡಿಯದು ಒಂದು ಸಪ್ತಕ ಕೆಳಗೆ ನುಡಿಯುತ್ತದೆ. ಕೀಬೋರ್ಡ್ ಅನುಕರಿಸುವುದು ಇದನ್ನೇ. ಆದರೆ ಆರ್ಗನ್ ದನಿಯಲ್ಲಿ ಎಷ್ಟು ಬಲವಾಗಿ ಒತ್ತಿದರೂ ಸ್ವರ ಏರದು, ಬೆರಳು ತೆಗೆಯುವವರೆಗೆ ಇಳಿಯದು. ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಅದರ ಹಿಂದಿನ ಸ್ವರವನ್ನು ತುಸು ಬೇಗ ಬಿಟ್ಟು ಸಣ್ಣ ಮೌನವನ್ನು ಇಡಬೇಕು. ಇದು ತಿಳಿಯದೆ ನಾನು ಮೊದಲ ಭಾನುವಾರ ಸಾಲಿನ ಕೊನೆಯ ಸ್ವರವನ್ನು ಎಳೆದೆ, ನನ್ನೊಂದಿಗೆ ಸಭೆಯೂ ಎಳೆಯಿತು, ಐದನೆಯ ಚರಣದ ಹೊತ್ತಿಗೆ ಹಾಡು ತೆವಳುತ್ತಿತ್ತು. ಎರಡನೆಯ ಭಾನುವಾರ ಹಾಡಿನ ನಡುವೆ ಕರೆಂಟು ಹೋಯಿತು. ಅದು ಮರಳುವಷ್ಟರಲ್ಲಿ ಸಭೆಯ ಶ್ರುತಿ ಅರ್ಧ ಸ್ವರ ಇಳಿದಿತ್ತು, ನಾನು ಮೂಲ ಶ್ರುತಿಯಲ್ಲೇ ನುಗ್ಗಿದೆ. ಮುಂದಿನದನ್ನು ವಿವರಿಸಲಾರೆ.

ಕಾಲಿನ ಆರ್ಗನ್ನಿನಲ್ಲಿ ಗಾಳಿ ನುಡಿಸುವವನ ಪಾದದಲ್ಲೇ ಇರುತ್ತದೆ. ಸಾಲು ಮುಗಿದಾಗ ತುಳಿತ ತಾನಾಗಿ ಸಡಿಲವಾಗಿ ದನಿ ತೆಳುವಾಗುತ್ತದೆ, ಸಭೆಗೆ ಉಸಿರಾಡಲು ಬೇರೆ ಸನ್ನೆ ಬೇಕಾಗುವುದಿಲ್ಲ. ಕೆಳಗಿನ ರೀಡುಗಳು ತುಸು ತಡವಾಗಿ ನುಡಿಯುವುದರಿಂದ ಎಡಗೈ ಕೂದಲೆಳೆಯಷ್ಟು ಮುಂದಿರಬೇಕು. ಇದು ಅಭ್ಯಾಸದ ಮಾತು. ನಿಜವಾದ ಕಿರಿಕಿರಿ ತೇವದ್ದು. ಜುಲೈಯಲ್ಲಿ ಮರ ಉಬ್ಬಿ ಒಂದು ಬಿಳಿ ಮನೆ ಒತ್ತಿದಲ್ಲೇ ಸಿಕ್ಕಿಕೊಂಡು ಇಡೀ ಪ್ರಾರ್ಥನೆಯ ಹೊತ್ತು ಗುಂಯ್‌ಗುಡುತ್ತಿತ್ತು, ಕಾಲು ತೆಗೆದ ಮೇಲೂ ತಿದಿಯಲ್ಲಿ ಗಾಳಿ ಉಳಿದಿರುವಷ್ಟು ಹೊತ್ತು.

ಮನೋಧರ್ಮದಿಂದ, ಅಂದರೆ ಆ ಕ್ಷಣಕ್ಕೆ ತೋಚಿದಂತೆ, ನುಡಿಸುವ ವಿಷಯದಲ್ಲಿ ಕಾಲಿನ ಆರ್ಗನ್ನೇ ಮೇಲೆಂಬ ನನ್ನ ನಿರೀಕ್ಷೆ ತಲೆಕೆಳಗಾಯಿತು. ಕಾಣಿಕೆಯ ತಟ್ಟೆ ಹಿಂದಿನ ಬೆಂಚಿಗೆ ಮುಟ್ಟುವ ಮೊದಲೇ ಹಾಡು ಮುಗಿದರೆ ಉಳಿದ ಎರಡು ಮೂರು ನಿಮಿಷಗಳನ್ನು ತುಂಬಬೇಕು. ಆಗ ಕೀಬೋರ್ಡಿನಲ್ಲಿ ಧಾಟಿಯನ್ನು ಎಡಗೈಗೆ ಇಳಿಸಿ, ಬಲಗೈಯ ಸ್ವರಗಳನ್ನು ಹಾಗೇ ಹಿಡಿದಿಟ್ಟು, ಮೊದಲ ನಾಲ್ಕು ಸ್ವರಗಳನ್ನು ಪಂಚಮಕ್ಕೆ ಒಯ್ದು ಮರಳಿ ತರುವುದು ಸಲೀಸು, ಏಕೆಂದರೆ ಅಲ್ಲಿ ಕಾಲಿಗೆ ಕೆಲಸವಿಲ್ಲ, ಗಮನವೆಲ್ಲ ಬೆರಳಿನಲ್ಲಿ. ಕೊನೆಯ ಚರಣದ ಸ್ವರಮೇಳವನ್ನು ಬದಲಿಸುವ ಆಸೆಗೆ ಮಾತ್ರ ಎರಡೂ ವಾದ್ಯಗಳು ಒಂದೇ ಉತ್ತರ ಕೊಟ್ಟವು: ಪುಸ್ತಕ ನೋಡಿ ಆಲ್ಟೊ, ಟೆನರ್ ಎಂಬ ನಡುವಿನ ದನಿಗಳನ್ನು ಹಾಡುವವರು ತಬ್ಬಿಬ್ಬಾದರು. ಆ ಚರಣವನ್ನು ಎಲ್ಲರೂ ಮುಖ್ಯ ಧಾಟಿಯಲ್ಲೇ ಹಾಡಬೇಕೆಂದು ಕ್ವಯರಿಗೆ (ಗಾಯನ ತಂಡಕ್ಕೆ) ಶನಿವಾರವೇ ತಿಳಿಸಬೇಕಾಗುತ್ತದೆ.

ಈಗ ಹಾಡಿಗೆ ಕಾಲಿನ ಆರ್ಗನ್ನನ್ನೂ ಕಾಣಿಕೆಯ ಹೊತ್ತಿಗೆ ಕೀಬೋರ್ಡನ್ನೂ ಬಳಸುತ್ತಿದ್ದೇನೆ. ಎರಡರ ಶ್ರುತಿ ಒಂದಾಗಿಲ್ಲ. ಹಾಗಾಗಿ ಕೀಬೋರ್ಡನ್ನು ಪ್ರತಿ ಭಾನುವಾರ ಆರ್ಗನ್ನಿನ ಶ್ರುತಿಗೆ ತಂದುಕೊಂಡ ಬಳಿಕವೇ ಆರಾಧನೆಗೆ ಕುಳಿತುಕೊಳ್ಳುತ್ತೇನೆ.